ಧಣಿ ಕೊಟ್ಟ ನೇಗಿಲು

ಕಳೆದ ಭಾನುವಾರ ಅಪರಾಹ್ನ ನನ್ನ ಅಕ್ಕನ ಮಗನು 42 ಪುಟಗಳ ಕರಾರಿನ ಕರಡೊಂದನ್ನು ಹಿಡಿದುಕೊಂಡು ಮನೆಗೆ ಬಂದನು. ಅವನೂ ಅವನ ನಾಲ್ವರು ಸಂಗಡಿಗರೂ ಸೇರಿ ಕೊಚ್ಚಿಯಲ್ಲಿ ವಿಡಿಯೋ ಗೇಮ್ ತಯಾರಿಸುವ ಸಣ್ಣದೊಂದು ಸ್ಟುಡಿಯೋವನ್ನು ನಡೆಸುತ್ತಿದ್ದಾರೆ. ಅದರ ಬಹುಪಾಲು ಷೇರುಗಳನ್ನು ಕೊಳ್ಳಲು ದೊಡ್ಡ ಕಂಪೆನಿಯೊಂದು ಮುಂದೆ ಬಂದಿದೆ. "ಮಾವ, ಹಣ ಎಷ್ಟು ಕಂತುಗಳಲ್ಲಿ ಬರುತ್ತದೆ, ತೆರಿಗೆ ಯಾರ ತಲೆಗೆ ಬೀಳುತ್ತದೆ, ಇಷ್ಟನ್ನು ನೋಡಿ ಹೇಳಿದರೆ ಸಾಕು" ಎಂದನು.

ನಾನು ಹದಿನೇಳನೆಯ ಪುಟದಲ್ಲಿ ನಿಂತುಬಿಟ್ಟೆ. ಷೇರು ವರ್ಗಾವಣೆಯಾದ ಹನ್ನೆರಡು ತಿಂಗಳೊಳಗೆ ಸ್ಟುಡಿಯೋವು ತನ್ನ ಎಲ್ಲ ಕೆಲಸಗಳನ್ನು ಸಮೂಹದ 'ಸಮಾನ ತಂತ್ರಜ್ಞಾನ'ಕ್ಕೆ ವರ್ಗಾಯಿಸಿಕೊಳ್ಳತಕ್ಕದ್ದು ಎಂದು ಅಲ್ಲಿ ಎರಡು ಸಾಲಿನ ಷರತ್ತಿತ್ತು. ಇದೇನೆಂದು ಕೇಳಿದೆ. "ಅದು ತಾಂತ್ರಿಕ ವಿಷಯ, ಮಾವ. ಅದನ್ನು ನಾವೇ ನೋಡಿಕೊಳ್ಳುತ್ತೇವೆ" ಎಂಬ ಉತ್ತರ ಬಂದಿತು. ವಕೀಲಿ ವೃತ್ತಿಯಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಒಂದು ವಿಷಯ ಮಾತ್ರ ಚೆನ್ನಾಗಿ ತಿಳಿದಿದೆ: ಕಕ್ಷಿದಾರನು ಯಾವ ಷರತ್ತನ್ನು ಓದುವುದು ಬೇಡವೆನ್ನುತ್ತಾನೋ ಅದನ್ನು ಎರಡು ಸಲ ಓದಬೇಕು. ಆ ಓದಿನಿಂದ ಹುಟ್ಟಿದ ವಿಚಾರಗಳನ್ನೇ ಈ ವಾರ ಓದುಗರ ಮುಂದಿಡುತ್ತಿದ್ದೇನೆ. ನಮ್ಮ ಮಕ್ಕಳಲ್ಲಿ ಅನೇಕರು ಈಗ ಇಂತಹ ಉದ್ಯೋಗಗಳಲ್ಲಿರುವುದರಿಂದ ಇದು ನಮ್ಮ ಮನೆಯ ಮಾತೂ ಹೌದು.

ಮೊದಲು ಆ ತಂತ್ರಜ್ಞಾನವೆಂದರೇನೆಂದು ಹೇಳಬೇಕು. ಯಕ್ಷಗಾನದ ಮೇಳವೊಂದು ಊರಿಂದೂರಿಗೆ ಹೋಗುವಾಗ ರಾತ್ರಿಗೊಂದು ಪ್ರಸಂಗ ಬದಲಾಗುತ್ತದೆ. ರಂಗಸ್ಥಳ, ಚೌಕಿ, ವೇಷಭೂಷಣದ ಪೆಟ್ಟಿಗೆಗಳು, ಹಿಮ್ಮೇಳ ಬದಲಾಗುವುದಿಲ್ಲ. ಪ್ರತಿಯೊಂದು ಪ್ರಸಂಗಕ್ಕೂ ಹೊಸ ಚೆಂಡೆ ಮಾಡಿಸುವವರಿಲ್ಲ. ವಿಡಿಯೋ ಗೇಮ್‌ನಲ್ಲಿಯೂ ಹಾಗೆಯೇ. ಕಥೆ, ಪಾತ್ರ, ನಿಯಮಗಳು ಪ್ರತಿ ಆಟಕ್ಕೂ ಬೇರೆ. ಆದರೆ ಪರದೆಯ ಮೇಲೆ ಬೆಳಕು ಬೀಳುವುದು, ಎಸೆದ ಕಲ್ಲು ನೆಲಕ್ಕೆ ಬರುವುದು, ಸದ್ದು ಕೇಳಿಸುವುದು, ಗುಂಡಿ ಒತ್ತಿದಾಗ ಪಾತ್ರವು ಹೆಜ್ಜೆಯಿಡುವುದು, ಇವೆಲ್ಲವನ್ನೂ ನೋಡಿಕೊಳ್ಳುವ ಸಾಫ್ಟ್‌ವೇರ್ ಒಂದು ತಳದಲ್ಲಿರುತ್ತದೆ. ಅದನ್ನು ಎಂಜಿನ್ ಎನ್ನುತ್ತಾರೆ. ಒಂದು ಎಂಜಿನ್ ಕಟ್ಟಲು ವರ್ಷಗಳು ಬೇಕು, ಕಲಿಯಲು ತಿಂಗಳುಗಳು ಬೇಕು. ಆದುದರಿಂದ ಯಾವ ಎಂಜಿನ್ ಎಂಬ ಆಯ್ಕೆಯು ಒಂದು ಸ್ಟುಡಿಯೋ ಮುಂದಿನ ಹತ್ತು ವರ್ಷ ಏನನ್ನು ಸುಲಭವಾಗಿ ಮಾಡಬಲ್ಲುದು, ಏನನ್ನು ಹೆಣಗಾಡಿ ಮಾಡಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಈ ಆಯ್ಕೆಯನ್ನು ಮಾಡುವವರು ಯಾರು? ಕುಳಿತು ಕೆಲಸ ಮಾಡುವವನೇ ಅಥವಾ ಷೇರುಗಳ ಒಡೆಯನೇ? ಇದಕ್ಕೆ ಬಹಳ ಚರ್ಚೆಗೊಳಗಾದ ನಿದರ್ಶನ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿಯದು. 1982ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಅನೇಕ ಸ್ಟುಡಿಯೋಗಳನ್ನು ಕೊಂಡುಕೊಂಡೇ ಬೆಳೆಯಿತು. ಸ್ವೀಡನ್ನಿನ ಡೈಸ್ ಎಂಬ ಸ್ಟುಡಿಯೋವು 2006ರಲ್ಲಿ ಸಂಪೂರ್ಣವಾಗಿ ಅದರ ವಶವಾಯಿತು. ಡೈಸ್‌ನವರು ತಮ್ಮ ಯುದ್ಧದ ಆಟಗಳಿಗಾಗಿ ಫ್ರಾಸ್ಟ್‌ಬೈಟ್ ಎಂಬ ಎಂಜಿನ್ ಕಟ್ಟಿದ್ದರು. 2008ರ 'ಬ್ಯಾಟಲ್‌ಫೀಲ್ಡ್: ಬ್ಯಾಡ್ ಕಂಪೆನಿ' ಎಂಬ ಆಟದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಗುಂಡು ತಗಲಿದ ಗೋಡೆ ಕುಸಿಯುವುದು, ವಿಶಾಲವಾದ ಬಯಲುಗಳು, ಹೊಗೆ, ಧೂಳು, ಇವುಗಳಲ್ಲಿ ಅದಕ್ಕೆ ಸಾಟಿಯಿರಲಿಲ್ಲವೆಂದು ಹೊಗಳಿದರು.

ಅದೇ ಸಂಸ್ಥೆಯ ವಶಕ್ಕೆ 2008ರಲ್ಲಿ ಬಂದ ಇನ್ನೊಂದು ಸ್ಟುಡಿಯೋ ಕೆನಡಾದ ಎಡ್ಮಂಟನ್ ನಗರದ ಬಯೋವೇರ್. ವೈದ್ಯಕೀಯ ಓದಿದವರು ಮುಂದಾಗಿ 1995ರಲ್ಲಿ ಸ್ಥಾಪಿಸಿದ ಈ ಸ್ಟುಡಿಯೋದ ಹೆಸರು ನಿಂತುದು ಕಥಾಪ್ರಧಾನ ಆಟಗಳಿಂದ. ಸಂಗಡಿಗರನ್ನು ಕೂಡಿಕೊಂಡು ಸುತ್ತುವುದು, ಮಾತುಕತೆಯಲ್ಲಿ ಒಂದು ದಾರಿಯನ್ನು ಆರಿಸಿಕೊಳ್ಳುವುದು, ಆ ಆಯ್ಕೆಯ ಫಲವನ್ನು ಹತ್ತಾರು ಗಂಟೆಗಳ ಬಳಿಕ ಉಣ್ಣುವುದು, ಇದು ಅವರ ಶೈಲಿ. 2007ರಿಂದ 2012ರವರೆಗೆ ಬಂದ 'ಮಾಸ್ ಎಫೆಕ್ಟ್' ಸರಣಿಯ ಮೂರು ಆಟಗಳನ್ನು ಅವರು ಎಪಿಕ್ ಗೇಮ್ಸ್ ಕಂಪೆನಿಯಿಂದ ಪರವಾನಗಿ ಪಡೆದ ಅನ್‌ರಿಯಲ್ ಎಂಜಿನ್ ಮೇಲೆ ಕಟ್ಟಿದ್ದರು. ಅನಂತರದ ದೊಡ್ಡ ಆಟಗಳಿಗೆ ಸಮೂಹದ ಮನೆಯ ಎಂಜಿನ್ ಆದ ಫ್ರಾಸ್ಟ್‌ಬೈಟನ್ನು ಹಿಡಿದರು.

ಗುಂಡು ಹಾರಿಸುವ ಆಟಕ್ಕೆಂದು ಕಟ್ಟಿದ ಎಂಜಿನ್‌ನಲ್ಲಿ ಕಥೆಯ ಆಟಕ್ಕೆ ಬೇಕಾದ ಸಾಮಾನ್ಯ ಸಲಕರಣೆಗಳೂ ಇರಲಿಲ್ಲ. ಆಟಗಾರನು ಸಂಗ್ರಹಿಸಿದ ವಸ್ತುಗಳ ಪಟ್ಟಿಯನ್ನು ಇಡುವ ವ್ಯವಸ್ಥೆ, ಬೇಕೆಂದಲ್ಲಿ ಆಟವನ್ನು ನಿಲ್ಲಿಸಿ ಮರುದಿನ ಅಲ್ಲಿಂದಲೇ ಮುಂದುವರಿಸುವ ವ್ಯವಸ್ಥೆ, ಸಂಗಡಿಗರ ಗುಂಪನ್ನು ನಡೆಸುವ ವ್ಯವಸ್ಥೆ, ಇವನ್ನೆಲ್ಲ ಬಯೋವೇರ್‌ನವರು ಹೊಸದಾಗಿ ಬರೆಯಬೇಕಾಯಿತೆಂದು ಪತ್ರಕರ್ತ ಜೇಸನ್ ಶ್ರೈಯರ್ ವಿವರವಾಗಿ ವರದಿ ಮಾಡಿದ್ದಾರೆ. ಹಾಗಿದ್ದೂ 2014ರ 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್' ಆ ವರ್ಷದ ಶ್ರೇಷ್ಠ ಆಟವೆಂಬ ಪ್ರಶಸ್ತಿಯನ್ನೂ ಪಡೆಯಿತು. ಆದರೆ 2017ರ 'ಮಾಸ್ ಎಫೆಕ್ಟ್: ಆಂಡ್ರೊಮಿಡಾ' ಪಾತ್ರಗಳ ಮುಖಚಲನೆಗಾಗಿ ಗೇಲಿಗೊಳಗಾಯಿತು. 2019ರ 'ಆಂಥಮ್' ಇನ್ನಷ್ಟು ಸೋತಿತು. ಅದನ್ನು ತಿದ್ದಿ ಕಟ್ಟುವ ಪ್ರಯತ್ನವನ್ನು 2021ರಲ್ಲಿ ಕೈಬಿಟ್ಟರು. ಫ್ರಾಸ್ಟ್‌ಬೈಟ್ ಬಲ್ಲ ನಿಪುಣರು ಸಮೂಹದಲ್ಲಿ ಬೆರಳೆಣಿಕೆಯಷ್ಟೇ ಇದ್ದು, ಹೆಚ್ಚು ಹಣ ತರುವ ಕಾಲ್ಚೆಂಡಿನ ಆಟವೂ ಅದೇ ಎಂಜಿನ್‌ಗೆ ಬಂದಾಗ ಅವರ ಗಮನ ಅತ್ತ ಹೋಯಿತೆಂಬುದೂ ಅದೇ ವರದಿಗಳಲ್ಲಿದೆ. ಸೋಲಿಗೆ ಎಂಜಿನ್ ಒಂದೇ ಕಾರಣವೆನ್ನುವಂತಿಲ್ಲ. ಏನು ಮಾಡಬೇಕೆಂಬ ನಿಶ್ಚಯವೇ ಇಲ್ಲದೆ ಕಾಲ ಕಳೆದುದೂ ಅಷ್ಟೇ ದೊಡ್ಡ ಕಾರಣವಾಗಿತ್ತು.

ಇನ್ನು ಪ್ರತಿವಾದಿಯ ಪಕ್ಷವನ್ನೂ ಕೇಳಬೇಕು. ಒಡೆಯನ ಲೆಕ್ಕ ಸುಳ್ಳಲ್ಲ. ಅನ್‌ರಿಯಲ್ ಎಂಜಿನ್‌ನ ಸಾಮಾನ್ಯ ಷರತ್ತಿನಂತೆ ಆಟವೊಂದರ ಒಟ್ಟು ಆದಾಯ ಹತ್ತು ಲಕ್ಷ ಡಾಲರ್ ದಾಟಿದ ಮೇಲೆ ಮುಂದಿನ ಆದಾಯದ ಶೇಕಡಾ 5 ಎಪಿಕ್ ಕಂಪೆನಿಗೆ ಸಲ್ಲಬೇಕು. ದೊಡ್ಡವರು ಬೇರೆ ಒಪ್ಪಂದ ಮಾಡಿಕೊಳ್ಳುವುದುಂಟು. ಆದರೂ ಹಣ ಮನೆಯಿಂದ ಹೊರಗೆ ಹೋಗುವುದು ತಪ್ಪದು, ಅದೂ ಸ್ವತಃ ಆಟಗಳನ್ನು ಮಾರುವ ಸ್ಪರ್ಧಿಯ ಪೆಟ್ಟಿಗೆಗೆ. ಒಂದೇ ಎಂಜಿನ್ ಇದ್ದರೆ ಒಂದು ಸ್ಟುಡಿಯೋದ ಕೆಲಸಗಾರನನ್ನು ಇನ್ನೊಂದಕ್ಕೆ ಕಳುಹಿಸಬಹುದು, ಒಬ್ಬರು ಬರೆದುದನ್ನು ಹತ್ತು ಮಂದಿ ಬಳಸಬಹುದು. ಹತ್ತು ಮನೆಗೆ ಹತ್ತು ಒನಕೆ ಏಕೆ ಎಂದು ಯಜಮಾನನು ಕೇಳಿದರೆ ತಪ್ಪೆನ್ನಲಾಗದು. ಆದರೆ ಈ ಉಳಿತಾಯ ಕಾಣುವುದು ಸಮೂಹದ ಲೆಕ್ಕಪುಸ್ತಕದಲ್ಲಿ. ಅದರ ವೆಚ್ಚ ಬೀಳುವುದು ಒಂದೊಂದು ಸ್ಟುಡಿಯೋದ ವೇಳಾಪಟ್ಟಿಯಲ್ಲಿ. ಉಳಿಸಿದವನು ಒಬ್ಬ, ತೆತ್ತವನು ಇನ್ನೊಬ್ಬನಾದಾಗ ಲೆಕ್ಕ ಸರಿಯಾಗಿಯೇ ಕಾಣುತ್ತದೆ.

ಇಲ್ಲಿ ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಬಯೋವೇರ್‌ನ ಅಂದಿನ ಮುಖ್ಯಸ್ಥ ಆರಿನ್ ಫ್ಲಿನ್ ಮುಂದೆ ಸಂಸ್ಥೆಯನ್ನು ಬಿಟ್ಟ ಮೇಲೆ, ಫ್ರಾಸ್ಟ್‌ಬೈಟ್ ಆಯ್ಕೆ ತಮ್ಮದೇ ಆಗಿತ್ತು, ಒಡೆಯರು ಹೇರಿದುದಲ್ಲ ಎಂಬ ಅರ್ಥದಲ್ಲಿ ಹೇಳಿದರು. ಅವರ ಮಾತನ್ನು ಅಲ್ಲಗಳೆಯಲು ನನಗೆ ಕಾರಣವಿಲ್ಲ. ನಮ್ಮ 1872ರ ಕರಾರು ಅಧಿನಿಯಮದ 14ನೆಯ ಕಲಮು ಮುಕ್ತ ಸಮ್ಮತಿಯೆಂದರೇನೆಂದು ಹೇಳುತ್ತದೆ. 16ನೆಯ ಕಲಮು ಅನುಚಿತ ಪ್ರಭಾವವನ್ನು ಕುರಿತದ್ದು. ಒಬ್ಬನು ಇನ್ನೊಬ್ಬನ ಇಚ್ಛೆಯನ್ನು ಆಳಬಲ್ಲ ಸ್ಥಾನದಲ್ಲಿದ್ದು ಆ ಸ್ಥಾನದಿಂದ ಅನ್ಯಾಯವಾದ ಲಾಭ ಪಡೆದರೆ ಮಾತ್ರ ಆ ಕಲಮು ತಲೆಹಾಕುತ್ತದೆ. ಹಳೆಯ ಎಂಜಿನ್ ಸಾಲದು. ಹೊಸದನ್ನು ಕಟ್ಟಲು ಕಾಲವಿಲ್ಲ. ಹೊರಗಿನದಕ್ಕೆ ಹಣ ತೆರಬೇಕು. ಮನೆಯದು ಪುಕ್ಕಟೆ, ಅದನ್ನು ಹಿಡಿದರೆ ಯಜಮಾನನಿಗೂ ಸಂತೋಷ. ಇಂತಹ ತಕ್ಕಡಿಯ ಮುಂದೆ ನಿಂತವನು ತಾನೇ ಆರಿಸಿಕೊಂಡೆನೆಂದು ಪ್ರಾಮಾಣಿಕವಾಗಿ ಹೇಳಬಲ್ಲನು. ಯಾವ ನ್ಯಾಯಾಲಯವೂ ಇದನ್ನು ಅನುಚಿತ ಪ್ರಭಾವವೆನ್ನದು. ಒಡೆತನವು ಹೆಚ್ಚಿನ ಸಂದರ್ಭಗಳಲ್ಲಿ ಆಜ್ಞೆಯ ರೂಪದಲ್ಲಿ ಬರುವುದೇ ಇಲ್ಲ. ತಕ್ಕಡಿಯ ತಟ್ಟೆಗಳಿಗೆ ಮೊದಲೇ ಹಾಕಿಟ್ಟ ತೂಕದ ರೂಪದಲ್ಲಿ ಬರುತ್ತದೆ.

ಅದೇ ಸಮೂಹವು 2017ರಲ್ಲಿ ಕೊಂಡ ರೆಸ್ಪಾನ್ ಎಂಬ ಸ್ಟುಡಿಯೋ ತನ್ನದೇ ದಾರಿ ಹಿಡಿಯಿತೆಂಬುದನ್ನೂ ಹೇಳಬೇಕು. 2019ರಲ್ಲಿ ಅದು ಹೊರತಂದ 'ಅಪೆಕ್ಸ್ ಲೆಜೆಂಡ್ಸ್' ವಾಲ್ವ್ ಕಂಪೆನಿಯ ಸೋರ್ಸ್ ಎಂಜಿನ್ ಅನ್ನು ಮಾರ್ಪಡಿಸಿ ಕಟ್ಟಿದ್ದು. ಅದೇ ವರ್ಷದ 'ಜೆಡೈ: ಫಾಲನ್ ಆರ್ಡರ್' ಅನ್‌ರಿಯಲ್ ಮೇಲೆ ಕಟ್ಟಿದ್ದು. ಎರಡೂ ಗೆದ್ದವು. ಒಡೆಯನು ಒಬ್ಬನೇ ಆಗಿದ್ದರೂ ಒಕ್ಕಲಿನ ಗಟ್ಟಿತನಕ್ಕೆ ತಕ್ಕಂತೆ ಸ್ವಾತಂತ್ರ್ಯವು ಬೇರೆ ಬೇರೆಯಾಗಿರುತ್ತದೆ. ಮುಂದಿನ 'ಮಾಸ್ ಎಫೆಕ್ಟ್' ಆಟಕ್ಕೆ ಬಯೋವೇರ್ ಕೂಡ ಅನ್‌ರಿಯಲ್ ಕಡೆಗೆ ಮರಳಿದೆ.

ಎರಡನೆಯ ನಿದರ್ಶನವು ಇನ್ನೂ ವಿಚಿತ್ರವಾದುದು. ಅದರಲ್ಲಿ ತಂತ್ರಜ್ಞಾನದ ಆಯ್ಕೆಯ ಬೇರು ಕಾರ್ಮಿಕ ಮೊಕದ್ದಮೆಯೊಂದರವರೆಗೆ ಹೋಗುತ್ತದೆ. ಮೈಕ್ರೋಸಾಫ್ಟ್ ಕಂಪೆನಿಯಲ್ಲಿ ವರ್ಷಗಟ್ಟಲೆ ದುಡಿದರೂ 'ತಾತ್ಕಾಲಿಕ'ರೆಂದೇ ಕರೆಸಿಕೊಂಡ ನೌಕರರು 1992ರಲ್ಲಿ ದಾವೆ ಹೂಡಿದರು. ಕಾಯಂ ನೌಕರರಿಗೆ ಸಿಗುವ ಷೇರು ಕೊಳ್ಳುವ ಸವಲತ್ತು ಮುಂತಾದವು ತಮಗೂ ಸಲ್ಲಬೇಕೆಂಬುದು ಅವರ ವಾದ. ವಿಸ್ಕೈನೊ ಪ್ರಕರಣವೆಂದು ಹೆಸರಾದ ಈ ದಾವೆಯಲ್ಲಿ ಮೇಲಿನ ನ್ಯಾಯಾಲಯವು ನೌಕರರ ಪರ ನಿಂತಿತು. 2000ನೆಯ ಇಸವಿಯಲ್ಲಿ ಕಂಪೆನಿಯು 9.7 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆ ಬಳಿಕ ಕಂಪೆನಿ ಕಲಿತ ಪಾಠವೇನು? ತಾತ್ಕಾಲಿಕರನ್ನು ಕಾಯಂಗೊಳಿಸುವ ಬದಲು, ಅವರು ಇಂತಿಷ್ಟು ತಿಂಗಳಿಗಿಂತ ಹೆಚ್ಚು ನಿಲ್ಲಬಾರದೆಂದು ಮಿತಿ ಹಾಕಿತು. 2014ರಿಂದ ಆ ಮಿತಿ 18 ತಿಂಗಳು.

ಮೈಕ್ರೋಸಾಫ್ಟ್ ಒಡೆತನದ 'ಹೇಲೋ' ಸರಣಿಯ ಸ್ಟುಡಿಯೋವು ಸ್ಲಿಪ್‌ಸ್ಪೇಸ್ ಎಂಬ ತನ್ನದೇ ಎಂಜಿನ್ ಮೇಲೆ 'ಹೇಲೋ ಇನ್ಫಿನಿಟ್' ಆಟವನ್ನು ಕಟ್ಟಿ 2021ರ ಡಿಸೆಂಬರಿನಲ್ಲಿ ಹೊರತಂದಿತು, ಅದೂ ಒಂದು ವರ್ಷ ತಡವಾಗಿ. ಅದೇ ತಿಂಗಳ ಬ್ಲೂಮ್‌ಬರ್ಗ್ ವರದಿಯ ಪ್ರಕಾರ, ಆ ಎಂಜಿನ್ ಹಳೆಯ ಸಂಕೇತಗಳ ಮೇಲೆ ಹೊಸದನ್ನು ಹೇರಿ ಬೆಳೆದದ್ದು, ಕಲಿಯಲು ಬಹಳ ಕಷ್ಟ. ಕಲಿತ ಗುತ್ತಿಗೆ ನೌಕರರು 18 ತಿಂಗಳಾಗುತ್ತಲೇ ಹೊರನಡೆಯಬೇಕಾಗಿತ್ತು. ಮನೆಯ ಎಂಜಿನ್‌ಗೆ ಮನೆಯಲ್ಲಿ ನೆಲೆನಿಂತವರು ಬೇಕು. ಬಂದುಹೋಗುವವರಿಂದ ಕೆಲಸ ಮಾಡಿಸಬೇಕಾದರೆ, ಹೊರಗಿನವರೆಲ್ಲರೂ ಮೊದಲೇ ಬಲ್ಲ ಎಂಜಿನ್ ಬೇಕು. 2024ರ ಅಕ್ಟೋಬರಿನಲ್ಲಿ ಆ ಸ್ಟುಡಿಯೋ ಹೆಸರು ಬದಲಿಸಿಕೊಂಡು, ಮುಂದಿನ ಆಟಗಳನ್ನು ಅನ್‌ರಿಯಲ್ ಮೇಲೆ ಕಟ್ಟುವುದಾಗಿ ಪ್ರಕಟಿಸಿತು. ಮೊಕದ್ದಮೆಯೇ ನೇರ ಕಾರಣವೆಂದು ನಾನು ಸಾಧಿಸಲಾರೆ. ಆದರೆ ಒಡೆಯನ ನೇಮಕಾತಿ ನಿಯಮ ಒಂದು ಕಡೆಯಲ್ಲಿ, ಕೆಲಸಗಾರನ ಸಲಕರಣೆ ಇನ್ನೊಂದು ಕಡೆಯಲ್ಲಿ ಎಂದು ಬೇರೆ ಬೇರೆ ಕಡತಗಳಲ್ಲಿಟ್ಟು ನೋಡುವುದು ತಪ್ಪೆಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ಒಡೆಯನೇ ಇಲ್ಲದಿರುವುದು ಕ್ಷೇಮವೇ? ಅದೂ ಅಲ್ಲ. ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದ ಗೇಣಿ ಪದ್ಧತಿಯನ್ನು ಹಿರಿಯರು ಬಲ್ಲರು. ಮೂಲಗೇಣಿಯವನಿಗೆ ಗೇಣಿ ನಿಶ್ಚಿತ, ಹಕ್ಕು ಶಾಶ್ವತ. ಚಾಲಗೇಣಿಯವನು ಧಣಿಯ ಇಷ್ಟವಿರುವಷ್ಟು ದಿನ. ಆದುದರಿಂದ ಮೂಲಗೇಣಿಯವನು ಅಡಿಕೆ ಸಸಿ ನೆಟ್ಟು ಫಲಕ್ಕಾಗಿ ವರ್ಷಗಟ್ಟಲೆ ಕಾಯಬಲ್ಲವನಾಗಿದ್ದನು. ಚಾಲಗೇಣಿಯವನು ಬರುವ ಕೊಯ್ಲಿನಾಚೆ ಯೋಚಿಸಲಾರದವನಾಗಿದ್ದನು. ಹೊರಗಿನ ಎಂಜಿನ್‌ನ ಪರವಾನಗಿಯು ಎಷ್ಟೋ ಸಲ ಚಾಲಗೇಣಿ ಚೀಟಿಯೇ ಆಗಿರುತ್ತದೆ.

ಕೆನಡಾದ ಸಿಲಿಕಾನ್ ನೈಟ್ಸ್ ಎಂಬ ಸ್ಟುಡಿಯೋ, ಅನ್‌ರಿಯಲ್ ಎಂಜಿನ್ ಒಪ್ಪಂದದಂತೆ ಸಿಗಲಿಲ್ಲವೆಂದು 2007ರಲ್ಲಿ ಎಪಿಕ್ ಮೇಲೆ ದಾವೆ ಹೂಡಿತು. ಎಪಿಕ್ ಪ್ರತಿದಾವೆ ಹೂಡಿತು. 2012ರಲ್ಲಿ ಜ್ಯೂರಿಯು ವಾದಿಯ ಬೇಡಿಕೆಯನ್ನು ತಳ್ಳಿ, ಎಪಿಕ್‌ಗೇ 44.5 ಲಕ್ಷ ಡಾಲರ್ ಕೊಡಿಸಿತು. ಎಪಿಕ್‌ನ ಸಂಕೇತಗಳನ್ನು ಒಳಗೊಂಡ, ಮಾರಾಟವಾಗದೆ ಉಳಿದ ಆಟದ ಪ್ರತಿಗಳನ್ನು ನಾಶಮಾಡುವಂತೆಯೂ ನ್ಯಾಯಾಧೀಶರು ಆಜ್ಞಾಪಿಸಿದರು. ತಾನು ಬೆಳೆದ ಪೈರನ್ನು ತಾನೇ ಸುಡಬೇಕಾದ ಒಕ್ಕಲಿನ ಸ್ಥಿತಿ ಅದು.

2023ರ ಸೆಪ್ಟೆಂಬರ್ 12ರಂದು ಯೂನಿಟಿ ಎಂಬ ಇನ್ನೊಂದು ಎಂಜಿನ್‌ನ ಕಂಪೆನಿಯು, ಮುಂದಿನ ಜನವರಿಯಿಂದ ಆಟವು ಒಂದು ಮಿತಿ ದಾಟಿದ ಮೇಲೆ ಪ್ರತಿ ಸಲ ಯಾರದಾದರೂ ಯಂತ್ರದಲ್ಲಿ ಅಳವಡಿಕೆಯಾದಾಗ ಶುಲ್ಕ ಕೊಡಬೇಕೆಂದು ಸಾರಿತು. ಆ ಮೊದಲೇ ಬಿಡುಗಡೆಯಾಗಿದ್ದ ಆಟಗಳೂ ಅದರಿಂದ ಹೊರತಾಗಿರಲಿಲ್ಲ. ಪ್ರತಿಭಟನೆ ಎದ್ದ ಹತ್ತೇ ದಿನಗಳಲ್ಲಿ ನಿಯಮವನ್ನು ಸಡಿಲಿಸಿದರು. ಮುಂದಿನ ತಿಂಗಳು ಮುಖ್ಯಸ್ಥ ಜಾನ್ ರಿಕಿಟೆಲ್ಲೊ ಹುದ್ದೆಯಿಂದಿಳಿದರು. ಒಂದು ವರ್ಷದ ಬಳಿಕ ಆ ಶುಲ್ಕವೇ ರದ್ದಾಯಿತು. ಬಯೋವೇರ್ ಮಾರಾಟವಾದಾಗ ಎಲೆಕ್ಟ್ರಾನಿಕ್ ಆರ್ಟ್ಸ್‌ನ ಮುಖ್ಯಸ್ಥರಾಗಿದ್ದವರೂ ಇವರೇ. ಇನ್ನು ಒಡೆಯನಿಗೂ ಒಡೆಯರುಂಟು: 2025ರ ಸೆಪ್ಟೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿಯೇ ಸೌದಿ ಅರೇಬಿಯದ ಸರಕಾರಿ ಹೂಡಿಕೆ ನಿಧಿ ಮತ್ತಿತರರಿಗೆ 5,500 ಕೋಟಿ ಡಾಲರಿಗೆ ಮಾರಾಟವಾಗುವ ಒಪ್ಪಂದ ಪ್ರಕಟವಾಯಿತು. ಇಂದಿನ ಯಜಮಾನನ ಬಾಯಿಮಾತಿನ ಭರವಸೆಯನ್ನು ನಾಳೆಯ ಯಜಮಾನನು ಕೇಳಿಸಿಕೊಂಡಿರುವುದಿಲ್ಲ.

ಇಷ್ಟನ್ನೂ ಹೇಳಿ ಮುಗಿಸಿದ ಮೇಲೆ ನಾನು ಹುಡುಗನನ್ನು ಕೇಳಿದೆ: "ನಿಮ್ಮಲ್ಲಿ ನಿಮ್ಮದೇ ಆದ ಸಲಕರಣೆ ಏನಾದರೂ ಇದೆಯೇ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಷರ ಮೂಡಿಸುವ ಒಂದು ಭಾಗವಿದೆ" ಎಂದನು. ಕನ್ನಡದ ಒತ್ತಕ್ಷರಗಳನ್ನೂ ಮಲಯಾಳದ ಕೂಟಾಕ್ಷರಗಳನ್ನೂ ಸರಿಯಾಗಿ ಜೋಡಿಸುವ ಕೆಲಸವನ್ನು ಹಲವು ಎಂಜಿನ್‌ಗಳು ಬಹುಕಾಲ ತಾವಾಗಿ ಮಾಡುತ್ತಿರಲಿಲ್ಲ. 'ಅಜ್ಜ' ಎಂದು ಬರೆದರೆ ಜಕಾರಗಳೆರಡೂ ಪಕ್ಕಪಕ್ಕದಲ್ಲಿ ನಿಲ್ಲುತ್ತಿದ್ದವು. ಇವರು ನಾಲ್ಕು ವರ್ಷ ಹೆಣಗಿ ಅದನ್ನು ಸರಿಪಡಿಸಿಕೊಂಡಿದ್ದಾರೆ. ಕೊಳ್ಳಲು ಬಂದ ಸಮೂಹದ ಎಂಜಿನ್‌ಗೆ ಆ ಶಕ್ತಿಯಿಲ್ಲ. ಸಮೂಹದ ಉಳಿದ ಸ್ಟುಡಿಯೋಗಳಿಗೆ ಅದರ ಅಗತ್ಯವೂ ಇಲ್ಲ. ಆದುದರಿಂದ ಯಾರೂ ಕನ್ನಡ ಬೇಡವೆಂದು ಹೇಳುವುದಿಲ್ಲ. ಕೆಲಸಗಳ ಪಟ್ಟಿಯಲ್ಲಿ ಅದು ಯಾವಾಗಲೂ ಕೊನೆಯಲ್ಲಿರುತ್ತದೆ, ಅಷ್ಟೆ. ಗಡಿಯ ಈಚೆ ಬದುಕುವ ನಮಗೆ ಪಟ್ಟಿಯ ಕೊನೆಯ ಸಾಲಿನ ಅನುಭವ ಹೊಸದಲ್ಲ.

ಹಂಚಿಕೊಂಡ ತಂತ್ರಜ್ಞಾನವೆಲ್ಲ ಹೀಗೆಯೇ ಎಂದು ಭಾವಿಸಬಾರದು. ಅರ್ಜೆಂಟೀನದ ಇಬ್ಬರು ಆರಂಭಿಸಿ 2014ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟ ಗೋಡೋ ಎಂಬ ಎಂಜಿನ್, 2023ರ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಇಂತಹ ಸಂಕೀರ್ಣ ಲಿಪಿಗಳ ಜೋಡಣೆಯನ್ನು ಸೇರಿಸಿಕೊಂಡಿತು. ದೊಡ್ಡ ಕಂಪೆನಿಗಳ ಎಂಜಿನ್‌ಗಳ ಬಲ ಅದಕ್ಕಿಲ್ಲ. ಆದರೆ ಬೇಕಾದವನು ತನಗೆ ಬೇಕಾದುದನ್ನು ಸೇರಿಸಿಕೊಳ್ಳಲು ಅಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ.

ಕೊನೆಗೆ ನಾನು ಕರಡಿನ ಮೂವತ್ತೊಂದನೆಯ ಪುಟವನ್ನು ತೆರೆದು ಅವನ ಮುಂದಿಟ್ಟೆ. ಬೆಲೆಯ ಅರ್ಧಭಾಗ ಕೈಗೆ ಬರುವುದು ಈಗ ತಯಾರಾಗುತ್ತಿರುವ ಆಟವು ಇಪ್ಪತ್ತನಾಲ್ಕು ತಿಂಗಳೊಳಗೆ ಬಿಡುಗಡೆಯಾದರೆ ಮಾತ್ರ ಎಂದು ಅಲ್ಲಿದೆ. ಹದಿನೇಳನೆಯ ಪುಟದಂತೆ ಎಂಜಿನ್ ಬದಲಿಸಿದರೆ ಆಟ ಎಷ್ಟು ತಡವಾಗುತ್ತದೆಂದು ಕೇಳಿದೆ. "ಒಂದು ವರ್ಷವಾದರೂ ಬೇಕು" ಎಂದವನು ಎರಡೂ ಪುಟಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದನು. ಹಣದ ಷರತ್ತನ್ನು ಮಾತ್ರ ನೋಡಿ ಎಂದಿದ್ದನಲ್ಲ, ಹಣದ ಷರತ್ತು ಆ ಎರಡು ಸಾಲಿನಲ್ಲಿಯೇ ಇತ್ತು.

ಮೂರು ತಿದ್ದುಪಡಿಗಳನ್ನು ಅಂಚಿನಲ್ಲಿ ಬರೆದುಕೊಟ್ಟೆ. ಎಂಜಿನ್ ಬದಲಾವಣೆ ಸ್ಟುಡಿಯೋದ ಲಿಖಿತ ಒಪ್ಪಿಗೆಯಿಂದಲೇ ಆಗಬೇಕು. ಬದಲಾವಣೆಯಿಂದ ಕಳೆದ ದಿನಗಳನ್ನು ಇಪ್ಪತ್ತನಾಲ್ಕು ತಿಂಗಳಿಗೆ ಸೇರಿಸಬೇಕು, ಕಲಿಸುವವರನ್ನು ಸಮೂಹವೇ ತನ್ನ ವೆಚ್ಚದಲ್ಲಿ ಕಳುಹಿಸಬೇಕು. ಅಕ್ಷರ ಮೂಡಿಸುವ ಆ ಭಾಗವು ಮಾರಾಟದಿಂದ ಹೊರಗುಳಿದು ಐವರ ಹೆಸರಿನಲ್ಲಿಯೇ ಇರಬೇಕು. ಸಮೂಹಕ್ಕೆ ಬಳಸುವ ಪರವಾನಗಿ ಮಾತ್ರ. ನಮ್ಮ 1957ರ ಹಕ್ಕುಸ್ವಾಮ್ಯ ಅಧಿನಿಯಮವು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ. ಆದರೆ ನೌಕರನು ಕೆಲಸದ ಅಂಗವಾಗಿ ಬರೆದುದರ ಮೊದಲ ಒಡೆಯನು, ಬೇರೆ ಕರಾರಿಲ್ಲದಿದ್ದರೆ, ಧಣಿಯೇ. ಬೇರೆ ಕರಾರು ಬರೆಯಬಹುದಾದ ಕಾಲ ಸಹಿ ಹಾಕುವ ಹಿಂದಿನ ದಿನದವರೆಗೆ ಮಾತ್ರ.

ಸಮೂಹದವರು ಇದಕ್ಕೆ ಒಪ್ಪುವರೋ ಬಿಡುವರೋ ತಿಳಿಯದು. ಒಪ್ಪದಿದ್ದರೆ ಸಹಿ ಹಾಕಬೇಡವೆಂದು ಹೇಳುವ ಅಧಿಕಾರ ನನಗಿಲ್ಲ. ಐದು ಮನೆಗಳ ಸಾಲ, ಸಂಬಳ ಅವರವರಿಗೇ ಗೊತ್ತು. ಬಸ್ಸಿಗೆ ಹೊರಡುವಾಗ ಹುಡುಗನು ಕಡತವನ್ನು ಚೀಲಕ್ಕೆ ತುರುಕುತ್ತ, "ಮಾವ, ಮೂರರಲ್ಲಿ ಒಂದನ್ನೇ ಒಪ್ಪುತ್ತೇವೆಂದರೆ ಯಾವುದನ್ನು ಹಿಡಿಯಲಿ?" ಎಂದು ಕೇಳಿದನು. ವಕೀಲನಾಗಿ ಎರಡನೆಯದೆಂದು ಹೇಳಿದೆ. ಹಣ ಉಳಿಯುವುದು ಅದರಲ್ಲಿ. ಅವನು ಮೆಟ್ಟಿಲಿಳಿದು, ಅಂಗಳ ದಾಟಿ, ತಿರುಗಿ ನೋಡಿ, "ನಾವು ಮೂರನೆಯದನ್ನು ಕೇಳುತ್ತೇವೆಂದು ಕಾಣುತ್ತದೆ" ಎಂದು ಹೇಳಿ ಹೋದನು.